ಸಿಪ್ಪೆ ಅಕ್ಕನ ಎಪ್ಪತ್ತನಾಲ್ಕು ಸೆಕೆಂಡು

ನಲವತ್ತೊಂದನೆಯ ಹಣ್ಣು ಅವರ ಎಡಗೈಯಲ್ಲಿದೆ. ತೊಟ್ಟಿನ ಕಡೆಯ ಬಿಲ್ಲೆ ಆಗಲೇ ಬುಟ್ಟಿಗೆ ಬಿದ್ದಾಗಿದೆ. ಈಗ ಸ್ಟೀಲಿನ ಸಣ್ಣ ಚಾಕು ದಾಳಿಂಬೆಯ ಮೈಮೇಲೆ ಮೇಲಿನಿಂದ ಕೆಳಕ್ಕೆ ಆರು ಗೆರೆ ಎಳೆಯುತ್ತಿದೆ. ಗೆರೆ ಸಿಪ್ಪೆಯ ದಪ್ಪಕ್ಕಷ್ಟೇ ಇಳಿಯಬೇಕು, ಒಳಗಿನ ಕಾಳಿಗೆ ತಾಗಬಾರದು. ತಾಗಿದರೆ ರಸ ಒಸರುತ್ತದೆ, ರಸ ಮೆತ್ತಿದ ಸಿಪ್ಪೆ ಲೆಕ್ಕಕ್ಕಿಲ್ಲ. ಹೆಬ್ಬೆರಳು ಒಮ್ಮೆ ಒತ್ತುತ್ತದೆ. ಟಪ್ಪೆಂದು ಹಣ್ಣು ಆರು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ಕಾಳು ಎಡಗಡೆಯ ಪಾತ್ರೆಗೆ, ಹಳದಿ ಪೊರೆ ಬುಟ್ಟಿಗೆ, ಸಿಪ್ಪೆ ಬಲಗಡೆಯ ಜಾಲರಿಗೆ. ನಲವತ್ತೆರಡು.

ಗಂಟೆ ಆರೂಮುಕ್ಕಾಲು. ವಿಶ್ವವಿದ್ಯಾಲಯದ ಈ ಮೂರು ಮಹಡಿಯ ಕಟ್ಟಡದಲ್ಲಿ ದೀಪ ಉರಿಯುತ್ತಿರುವುದು ಇದೊಂದೇ ಕೋಣೆಯಲ್ಲಿ. ಬಾಗಿಲ ಮೇಲೆ ಅಂಟಿಸಿದ ಕಾಗದದಲ್ಲಿ ‘ಮಾದರಿ ಸಿದ್ಧತಾ ಕೊಠಡಿ’ ಎಂದಿದೆ. ಆದರೆ ಹಾಗೆ ಯಾರೂ ಕರೆಯುವುದಿಲ್ಲ. ಎಲ್ಲರ ಬಾಯಲ್ಲೂ ಇದು ಸಿಪ್ಪೆ ಕೋಣೆ, ಇಲ್ಲಿ ಕೂತಿರುವವರು ಸಿಪ್ಪೆ ಅಕ್ಕ.

“ಕಾಳು ತಿನ್ಬೇಕು ಅನಿಸಲ್ವಾ?” ಎಂದು ಯಾರಾದರೂ ಕೇಳಿದರೆ ಅಕ್ಕ ಮುಖ ಸಿಂಡರಿಸುತ್ತಾರೆ. “ಹದಿನೇಳು ವರ್ಷ ಆಯ್ತು. ದಾಳಿಂಬೆ ಬಣ್ಣದ ಬಟ್ಟೇನೂ ತಗೊಳ್ಳಲ್ಲ ನಾನು.”

ಊಟದಲ್ಲಿ ಹೊಟ್ಟೆ ತುಂಬಿಸುವ ಅಂಶಗಳಿರುವ ಹಾಗೆ, ದೇಹದೊಳಗೆ ಹೋಗಿ ಸದ್ದಿಲ್ಲದೆ ಬೇರೆ ಏನೇನೋ ಕೆಲಸ ಮಾಡುವ ಅಂಶಗಳೂ ಇರುತ್ತವೆ. ಅವುಗಳನ್ನು ಹುಡುಕುವುದು, ಅಳೆಯುವುದು, ನಿಜವಾಗಿ ಅವು ಏನು ಮಾಡುತ್ತವೆಂದು ನೋಡುವುದು ಈ ತಂಡದ ಕೆಲಸ. ಜನ ಎಸೆಯುವ ಹಣ್ಣಿನ ಸಿಪ್ಪೆಗಳ ಮೇಲೆ ಇವರಿಗೆ ವಿಶೇಷ ಪ್ರೀತಿ. ತಂಡದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಾರೆ. ಅವರ ಕೈಕೆಳಗೆ ಏಳು ಮಂದಿ ಸಂಶೋಧಕರು, ಮೂರು ದೊಡ್ಡ ಯಂತ್ರಗಳು. ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ಪ್ರಶಸ್ತಿಪತ್ರಗಳು. ಯಂತ್ರದೊಳಗೆ ಹೋಗುವ ಪ್ರತಿ ಚಿಟಿಕೆ ಪುಡಿಯೂ ಮೊದಲು ಅಕ್ಕನ ಹೆಬ್ಬೆರಳಿನ ಕೆಳಗೆ ಹಾದುಬಂದಿರುತ್ತದೆ. ಅದಕ್ಕೆ ಮಾತ್ರ ಯಾವ ಗೋಡೆಯಲ್ಲೂ ಜಾಗವಿಲ್ಲ.

ಅಕ್ಕನಿಗೆ ಈಗ ಐವತ್ತೆರಡು. ಈ ತಿಂಗಳ ಹದಿನೇಳನೇ ತಾರೀಕು, ಶನಿವಾರದೊಳಗೆ, ಅವರು ಒಂದು ಕಾಗದಕ್ಕೆ ಸಹಿ ಹಾಕಬೇಕು ಅಥವಾ ಹಾಕದೇ ಇರಬೇಕು. ಹಾಕಿದರೆ ಸೋಮವಾರದಿಂದ ಅವರು ಗ್ರಂಥಾಲಯದಲ್ಲಿ. ಹಾಕದಿದ್ದರೆ ಇಲ್ಲೇ. ಇನ್ನೊಮ್ಮೆ ಕೇಳುವುದಿಲ್ಲವೆಂದು ಆಫೀಸಿನವರು ಹೇಳಿಬಿಟ್ಟಿದ್ದಾರೆ. ಆ ಕಾಗದ ನಾಲ್ಕು ದಿನದಿಂದ ಅವರ ಕೈಚೀಲದಲ್ಲಿ ಊಟದ ಡಬ್ಬಿಯ ಜೊತೆ ಓಡಾಡುತ್ತಿದೆ. ಒಂದು ಮೂಲೆಗೆ ಎಣ್ಣೆಯೂ ತಗುಲಿದೆ.

ಇಷ್ಟು ಬೇಗ ಬರುವುದು ಯಾಕೆಂದರೆ ಕೋಣೆಯ ಕಿಟಕಿ ಪೂರ್ವಕ್ಕಿದೆ. ಎಂಟೂವರೆಗೆ ಬಿಸಿಲು ನೇರವಾಗಿ ಒಣಗಿಸುವ ಸ್ಟ್ಯಾಂಡಿನ ಮೇಲೆ ಬೀಳುತ್ತದೆ. ಸಿಪ್ಪೆ ಒಣಗಬೇಕಾದ್ದು ನೆರಳಲ್ಲಿ. ಅಷ್ಟರೊಳಗೆ ಎಲ್ಲ ಟ್ರೇಗಳನ್ನೂ ಹರಡಿ ಪರದೆ ಎಳೆಯಬೇಕು. ಹಾಗಾಗಿ ನಾಲ್ಕೂವರೆಗೆ ಏಳುತ್ತಾರೆ, ಐದೂಕಾಲಿನ ಬಸ್ಸು ಹಿಡಿಯುತ್ತಾರೆ, ಕಾವಲುಗಾರನಿಂದ ಬೀಗದ ಕೈ ಇಸಿದುಕೊಂಡು ಬಾಗಿಲು ತೆರೆಯುತ್ತಾರೆ. ಬುಧವಾರದ ಲೆಕ್ಕ ಹೀಗೆ: ಹಣ್ಣು ಎಂಬತ್ತು, ತೂಕ ಇಪ್ಪತ್ತು ಕಿಲೋ. ಅದರಲ್ಲಿ ಹಸಿ ಸಿಪ್ಪೆ ಒಂಬತ್ತು ಕಿಲೋ, ಅದು ಎಂಟು ಟ್ರೇ ತುಂಬುತ್ತದೆ. ನೆರಳಲ್ಲಿ ಒಂಬತ್ತು ದಿನ ಕಳೆದ ಮೇಲೆ ಆ ಒಂಬತ್ತು ಕಿಲೋ ಮೂರು ಕಿಲೋಗೂ ಕಡಿಮೆ. ಬೀಸಿ, ಜರಡಿ ಹಿಡಿದರೆ ಎರಡೂವರೆ. ಸಂಶೋಧಕರು ಒಂದು ಪರೀಕ್ಷೆಗೆ ತೆಗೆದುಕೊಳ್ಳುವುದು ಅದರಲ್ಲಿ ಒಂದು ಗ್ರಾಂ.

ಮಿಕ್ಕ ದಿನಗಳಲ್ಲಿ ಗಾಜು. ದಿನಕ್ಕೆ ಇನ್ನೂರಕ್ಕೂ ಹೆಚ್ಚು ಫ್ಲಾಸ್ಕು, ಟೆಸ್ಟ್ ಟ್ಯೂಬು, ಬೀಕರು. ಒಂದೊಂದನ್ನೂ ಸೋಪಿನಲ್ಲಿ ಒಮ್ಮೆ, ನಲ್ಲಿಯ ನೀರಲ್ಲಿ ಮೂರು ಸಲ, ಶುದ್ಧ ನೀರಲ್ಲಿ ಮೂರು ಸಲ ತೊಳೆಯಬೇಕು. ಬೆಳಕಿಗೆ ಹಿಡಿದಾಗ ಗಾಜಿನ ಒಳಗೆ ಒಂದು ಹನಿಯೂ ನಿಲ್ಲದೆ ನೀರು ಹಾಳೆಯಂತೆ ಜಾರಿದರೆ ಅದು ತೊಳೆದದ್ದು. ಹನಿಹನಿಯಾಗಿ ನಿಂತರೆ ಎಲ್ಲೋ ಜಿಡ್ಡಿದೆ ಎಂದರ್ಥ, ಮತ್ತೆ ಮೊದಲಿನಿಂದ. “ಮನೆ ಪಾತ್ರೇನೂ ಈಗ ಹೀಗೇ ಬೆಳಕಿಗೆ ಹಿಡಿದು ನೋಡ್ತೀನಿ. ನಮ್ಮೆಜಮಾನ್ರು ತೊಳೆದಿಟ್ಟ ಲೋಟ ಒಂದೂ ಪಾಸಾಗಲ್ಲ,” ಎಂದು ಅಕ್ಕ ನಗುತ್ತಾರೆ.

ಯಜಮಾನರು ಸೈಕಲ್ ರಿಪೇರಿಯವರು. ಅವರ ಕೈಯಲ್ಲಿ ಗ್ರೀಸು, ಇವರ ಕೈಯಲ್ಲಿ ಸಿಪ್ಪೆಯ ಕಂದು. ಎರಡೂ ಹೋಗುವ ಕಲೆಯಲ್ಲ. ಮದುವೆ ಮನೆಗಳಲ್ಲಿ ಗಂಡ ಕೈ ಜೇಬಿಗೆ ಹಾಕುತ್ತಾರೆ, ಹೆಂಡತಿ ಕೈಚೀಲದ ಹಿಂದೆ ಬಚ್ಚಿಡುತ್ತಾರೆ. “ನಮ್ಮಿಬ್ಬರ ಕೈ ನೋಡಿದೋರು ಒಂದೇ ಅಂಗಡೀಲಿ ಕೆಲಸ ಅಂದ್ಕೋತಾರೆ,” ಎಂಬುದು ಯಜಮಾನರ ಹಳೆಯ ಜೋಕು.

ಜೋಕಿನ ಹಿಂದೆ ನೋವಿದೆ. ಚಳಿ ಬಂತೆಂದರೆ ಅಕ್ಕನ ಬೆರಳ ಸಂದುಗಳು ಬಿರಿಯುತ್ತವೆ. ಒಗರು ರಸ ಅದರೊಳಗೆ ಇಳಿದರೆ ಉರಿ. ನೀರಿನ ಕೆಲಸ ಬಿಡಬೇಕೆಂದು ಚರ್ಮದ ಡಾಕ್ಟರು ಬರೆದುಕೊಟ್ಟಿದ್ದಾರೆ. ತೊಳೆಯುವಾಗ ಕೈಗವಸು ಹಾಕುತ್ತಾರೆ, ಸುಲಿಯುವಾಗ ಹಾಕಲು ಆಗುವುದಿಲ್ಲ. ಚಾಕು ಎಷ್ಟು ಇಳಿಯಿತೆಂದು ಹೇಳುವುದು ಬೆರಳೇ, ಕಣ್ಣಲ್ಲ. ಮೂರು ವರ್ಷದ ಹಿಂದೆ ಒಂದು ಚಳಿಗಾಲದಲ್ಲಿ ತಡೆಯಲಾರದೆ ಅವರೇ ಗ್ರಂಥಾಲಯಕ್ಕೆ ವರ್ಗ ಕೇಳಿ ಅರ್ಜಿ ಹಾಕಿದ್ದರು. ಅಲ್ಲಿ ಕುರ್ಚಿ ಇದೆ, ಫ್ಯಾನು ಇದೆ, ಕೆಲಸ ಶುರುವಾಗುವುದು ಹತ್ತಕ್ಕೆ. ಪುಸ್ತಕಕ್ಕೆ ಠಸ್ಸೆ ಒತ್ತಿದರಾಯಿತು. ಆ ಅರ್ಜಿಗೆ ಉತ್ತರ ಈಗ ಬಂದಿದೆ.

ಮನೆಯಲ್ಲಿ ಇದು ಚರ್ಚೆಯ ವಿಷಯವೇ ಅಲ್ಲ. ಬಾಣಂತನ ಮುಗಿಸಿಕೊಂಡು ಹೋದ ಮಗಳು ಪ್ರತಿ ಸಂಜೆ ಫೋನು ಮಾಡುತ್ತಾಳೆ. “ಅಮ್ಮಾ, ಸಹಿ ಹಾಕಿದ್ಯಾ?” “ಹಾಕ್ತೀನಿ ಕಣೇ.” “ಯಾವಾಗ? ಯೋಚನೆ ಮಾಡೋಕೆ ಏನಿದೆ ಅದ್ರಲ್ಲಿ? ಪಾಪುನ ಮುಟ್ಟಿದ್ರೆ ನಿನ್ನ ಕೈ ಗೀರುತ್ತೆ ಅಂತ ನೀನೇ ಎತ್ಕೊಳ್ಳಲ್ಲ.” ಅದು ನಿಜ. ಮೊಮ್ಮಗಳ ಕೆನ್ನೆಯನ್ನು ಅಕ್ಕ ಮುಟ್ಟುವುದು ಅಂಗೈಯಿಂದಲ್ಲ, ಬೆರಳುಗಳ ಹಿಂಬದಿಯಿಂದ. ಇದನ್ನು ಹೇಳುವಾಗ ಅವರು ಹಾಗೆಯೇ ಗಾಳಿಯಲ್ಲಿ ಸವರಿ ತೋರಿಸುತ್ತಾರೆ, ಆಮೇಲೆ ಆ ಕೈಯನ್ನೇ ಒಂದು ಗಳಿಗೆ ನೋಡುತ್ತಾರೆ.

ಹಾಗಿದ್ದರೆ ನಾಲ್ಕು ದಿನದಿಂದ ಯೋಚನೆ ಯಾಕೆ?

ಅದಕ್ಕೆ ಉತ್ತರ ಬೇಕಾದರೆ ಗಾಜಿನ ಸಾಮಾನಿಡುವ ಬೀರುವಿನ ಬಾಗಿಲು ತೆರೆದು ಒಳಬದಿ ನೋಡಬೇಕು. ಅಲ್ಲಿ ಪೆನ್ಸಿಲಿನಲ್ಲಿ ಬರೆದ ಅಂಕಿಗಳ ಕಂಬವಿದೆ. 208. 212. 205. 214. ತಂಡ ಸಿಪ್ಪೆಯಲ್ಲಿ ಹುಡುಕುವ ಒಗರು ಅಂಶ ಒಂದು ಗ್ರಾಂ ಪುಡಿಯಲ್ಲಿ ಎಷ್ಟು ಮಿಲಿಗ್ರಾಂ ಸಿಕ್ಕಿತು ಎಂಬ ಲೆಕ್ಕ. ಅಕ್ಕನಿಗೆ ಮಿಲಿಗ್ರಾಮಿನ ಹಂಗಿಲ್ಲ. ಬಂದು ಏಳೆಂಟು ವರ್ಷವಾದ ಮೇಲೆ ಒಂದು ದಿನ ಅವರು ಯಾರನ್ನೋ ಕೇಳಿದರಂತೆ: “ಹೋದ ವಾರ ನಾನು ಸುಲಿದಿದ್ದು ಎಷ್ಟು ಬಂತು?” ಕೇಳಿಸಿಕೊಂಡವರು ನಕ್ಕು ಒಂದು ಸಂಖ್ಯೆ ಹೇಳಿದರು. ಅಂದಿನಿಂದ ಪ್ರತಿ ಸಲವೂ ಕೇಳುತ್ತಾರೆ, ಪ್ರತಿ ಸಲವೂ ಬರೆಯುತ್ತಾರೆ.

“ಮನೇಲಿ ಅಡುಗೆ ಮಾಡಿದ್ರೆ ಉಂಡು ಎದ್ದು ಹೋಗ್ತಾರೆ, ಹೇಗಿತ್ತು ಅಂತ ನಾವೇ ಬಾಯಿ ಬಿಟ್ಟು ಕೇಳ್ಬೇಕು. ಇಲ್ಲಿ ನೋಡಿ, ಕೇಳಿದ್ರೆ ಸಾಕು, ಒಂದು ನಂಬರ್ ಬರುತ್ತೆ. ಅದು ಸುಳ್ಳು ಹೇಳಲ್ಲ, ಮುಖ ನೋಡಿ ಮಾತಾಡಲ್ಲ.” ಹೇಳಿ ಮುಗಿಸಿ ಅವರೇ ನಾಚಿಕೊಳ್ಳುತ್ತಾರೆ. “ಹುಚ್ಚು ಅನ್ಸುತ್ತೆ ಅಲ್ವಾ?”

ಹೋದ ವರ್ಷ ಮಗಳ ಹೆರಿಗೆಗೆಂದು ಅಕ್ಕ ಎರಡು ತಿಂಗಳು ರಜೆ ಹಾಕಿದರು. ಆಗ ಈ ಕೋಣೆಯ ಕೆಲಸ ಬಿದ್ದದ್ದು ಪಿಎಚ್‌ಡಿ ಮಾಡುತ್ತಿರುವ ಒಬ್ಬ ಹುಡುಗಿಯ ತಲೆಗೆ. ಆಕೆಗೆ ಅಕ್ಕ ಇಟ್ಟ ಹೆಸರು ಗಡಿಯಾರಮ್ಮ, ಕೊರಳಲ್ಲಿ ಸದಾ ಸ್ಟಾಪ್‌ವಾಚ್ ನೇತಾಡುತ್ತಿರುತ್ತದೆ ಎಂದು. ಗಡಿಯಾರಮ್ಮ ಅಚ್ಚುಕಟ್ಟಿನ ಹುಡುಗಿ. ತಂಡದ ಪದ್ಧತಿ ಪುಸ್ತಕ ಎದುರಿಗಿಟ್ಟುಕೊಂಡು ಅದರಲ್ಲಿ ಬರೆದಂತೆಯೇ ಮಾಡಿದಳು: ಹಣ್ಣು ಒರೆಸಿ, ಸಿಪ್ಪೆ ಸುಲಿದು, ಹರಡಿ, ನೆರಳಲ್ಲಿ ಒಂಬತ್ತು ದಿನ.

ಬಂದ ಸಂಖ್ಯೆ 141. ಮುಂದಿನ ವಾರ 138.

“ಮೊದಲು ಯಂತ್ರ ಕೆಟ್ಟಿದೆ ಅಂದ್ಕೊಂಡೆ,” ಎನ್ನುತ್ತಾಳೆ ಆಕೆ. “ರಿಪೇರಿಯವರು ಬಂದು ನೋಡಿ ಸರಿಯಾಗೇ ಇದೆ ಅಂದ್ರು. ದ್ರಾವಣ ಎಲ್ಲ ಚೆಲ್ಲಿ ಹೊಸದಾಗಿ ಮಾಡಿದೆ. ಹಣ್ಣಿನವರನ್ನ ಬದಲಾಯಿಸಿದೆ. ಏನು ಮಾಡಿದ್ರೂ ಮೇಲೇಳಲಿಲ್ಲ. ಮೂರು ವರ್ಷದ ಕೆಲಸ ಸುಳ್ಳಾಗಿತ್ತಾ ಅಂತ ಅನ್ನ ಸೇರ್ತಿರಲಿಲ್ಲ.”

ಅಕ್ಕ ರಜೆ ಮುಗಿಸಿ ಬಂದರು. ಮೊದಲು ಅವರ ಕಣ್ಣಿಗೆ ಬಿದ್ದದ್ದು ಟ್ರೇಗಳು. ಎಂಟೂ ಕಪ್ಪು ಹಿಡಿದಿದ್ದವು. ಹುಡುಗಿಗೆ ಪಾತ್ರೆ ತೊಳೆಯಲು ಬರುವುದಿಲ್ಲವೆಂದು ಮನಸ್ಸಿನಲ್ಲೇ ಬೈದುಕೊಂಡು ಉಜ್ಜಲು ಕೂತರು. ಬುಧವಾರ ಎಂದಿನಂತೆ ಸುಲಿದರು. ಸಂಖ್ಯೆ ಬಂತು: 211.

ಇಡೀ ತಂಡ ಕುಣಿದಾಡಿತು. “ಎಲ್ಲ ಅಕ್ಕನ ಕೈಗುಣ!” ಎಂದರು ಮೇಡಂ. ಯಾರೋ ಸಿಹಿ ತಂದು ಹಂಚಿದರು. ಅಕ್ಕನಿಗೂ ಹಿಗ್ಗು. ಗಡಿಯಾರಮ್ಮ ಮಾತ್ರ ಸಿಹಿ ಮುಟ್ಟಲಿಲ್ಲ. “ಕೈಗುಣ ಅಂತ ಥೀಸಿಸ್ನಲ್ಲಿ ಬರೆಯೋಕಾಗುತ್ತಾ ಮೇಡಂ? ಅಕ್ಕ ಬೇರೆ ಏನೋ ಮಾಡ್ತಿದ್ದಾರೆ. ನಾನು ಕೂತು ನೋಡ್ತೀನಿ,” ಎಂದಳು.

ಮುಂದಿನ ಬುಧವಾರ ಬೆಳಿಗ್ಗೆ ಆರಕ್ಕೆ ಆಕೆ ಪುಸ್ತಕ, ಪೆನ್ನು, ಸ್ಟಾಪ್‌ವಾಚ್ ಹಿಡಿದು ಸ್ಟೂಲಿನ ಮೇಲೆ ಕೂತೇಬಿಟ್ಟಳು. ಅಕ್ಕನಿಗೆ ಮೈಯೆಲ್ಲ ಬಿಗಿ. ಪರೀಕ್ಷೆಗೆ ಕೂತ ಹಾಗೆ. ಪದ್ಧತಿ ಪುಸ್ತಕದಲ್ಲಿ ಹೇಗಿದೆಯೋ ಅಣುವೂ ತಪ್ಪದಂತೆ ಹಾಗೆಯೇ ಮಾಡಿದರು. ನೋಡಲು ಏನೂ ಸಿಗದೆ ಹುಡುಗಿ ಎದ್ದು ಹೋದಳು.

ಆ ಸಲದ ಸಂಖ್ಯೆ 139.

“ಬೀರು ಬಾಗಿಲಲ್ಲಿ ಬರೆಯೋಕೆ ಹೋದೆ,” ಎಂದು ನೆನೆಯುತ್ತಾರೆ ಅಕ್ಕ. “ಪೆನ್ಸಿಲ್ ಇಟ್ಟ ಕೈ ಹಾಗೇ ನಿಂತ್ಬಿಡ್ತು. ಆವತ್ತು ನಾನು ಬಿಟ್ಟಿದ್ದು ಒಂದೇ ಒಂದು. ಬಿಸಿನೀರು.”

ಸೇರಿದ ಹೊಸದರಲ್ಲಿ ಎರಡು ವರ್ಷ ಅವರು ಟ್ರೇ ಉಜ್ಜಿ ಉಜ್ಜಿ ಸೋತಿದ್ದರು. ಹಸಿ ಸಿಪ್ಪೆ ಹರಡಿದ ಕಡೆಯೆಲ್ಲ ಕಪ್ಪು ಕಲೆ. ಸಂಜೆ ಬಸ್ಸು ತಪ್ಪುತ್ತಿತ್ತು. ಒಂದು ಬೆಳಿಗ್ಗೆ ಗಾಜು ತೊಳೆಯಲು ಕೆಟಲಿನಲ್ಲಿ ಕಾಯಿಸಿದ್ದ ನೀರು ಉಳಿದಿತ್ತು. ಕಲೆ ಬಿಡುವುದಾದರೆ ಬಿಡಲಿ ಎಂದು ಜಾಲರಿಯಲ್ಲಿದ್ದ ಸಿಪ್ಪೆಯನ್ನು ಅದರಲ್ಲಿ ಮುಳುಗಿಸಿದರು, ಅತ್ತ ಎರಡು ಸ್ಟ್ಯಾಂಡು ಟೆಸ್ಟ್ ಟ್ಯೂಬು ಜಾಲಿಸಿ ಬಂದು ಬಸಿದು ಹರಡಿದರು. ಒಂಬತ್ತು ದಿನವಾದ ಮೇಲೆ ನೋಡಿದರೆ ಟ್ರೇ ಪಳಪಳ. ಅಂದಿನಿಂದ ಪ್ರತಿ ಬುಧವಾರ ಹಾಗೇ. ಯಾರಿಗೂ ಹೇಳಲಿಲ್ಲ, ಯಾಕೆಂದರೆ ಕೋಣೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಮಾದರಿಗೆ ನೀರು ತಾಕಿಸಬಾರದು.

“ಕಳ್ಳತನ ಅಂತ ಅನಿಸಿರಲಿಲ್ಲ. ಸೋಮಾರಿತನ ಅಷ್ಟೇ. ಬೇಗ ಮನೆಗೆ ಹೋಗ್ಬೇಕಿತ್ತು, ಮಗಳು ಸ್ಕೂಲಿಂದ ಬರೋಳು.” ಹದಿನೈದು ವರ್ಷ ಕೈ ತಾನಾಗಿ ಮಾಡಿಕೊಂಡು ಬಂದ ಕೆಲಸ. ಹುಡುಗಿ ಎದುರಿಗೆ ಕೂತ ದಿನ ಮಾತ್ರ ಗೋಡೆಯ ಬರಹ ಕಣ್ಣಿಗೆ ರಾಚಿ, ಕೈ ಕಟ್ಟಿಹೋಯಿತು.

ಮೂರು ದಿನ ಅಕ್ಕ ಬಾಯಿ ಬಿಡಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆಂಬ ಭಯ. ಹೇಳದಿದ್ದರೆ, ದ್ರಾವಣ ಚೆಲ್ಲಿ ಚೆಲ್ಲಿ ಕಣ್ಣು ಗುಳಿಬಿದ್ದ ಆ ಹುಡುಗಿ. ಗಂಡನಿಗೂ ಹೇಳಲಿಲ್ಲ. “ಅವ್ರು ‘ಸುಮ್ಮನಿರು’ ಅಂದ್ಬಿಟ್ರೆ ನಾನು ಸುಮ್ಮನಿದ್ಬಿಡ್ತಿದ್ದೆ. ಅದಕ್ಕೇ ಕೇಳಲಿಲ್ಲ.” ನಾಲ್ಕನೆಯ ದಿನ ಮೇಡಂ ಅವರ ಕೋಣೆಯ ಬಾಗಿಲಲ್ಲಿ ನಿಂತು, ಕೂತುಕೊಳ್ಳಿ ಎಂದರೂ ಕೂರದೆ, ಒಂದೇ ಉಸಿರಿಗೆ ಹೇಳಿದರು.

ಮೇಡಂ ಪೆನ್ನು ಕೈಗೆತ್ತಿಕೊಂಡರಂತೆ. ಆಮೇಲೆ ಕೇಳಿದ್ದು ಇಷ್ಟು: “ನೀರು ಎಷ್ಟು ಬಿಸಿ ಇತ್ತು? ಎಷ್ಟು ಹೊತ್ತು?”

“ಎಷ್ಟು ಹೊತ್ತು ಅಂದ್ರೆ… ಎರಡು ಸ್ಟ್ಯಾಂಡ್ ಟ್ಯೂಬ್ ಜಾಲಿಸೋ ಅಷ್ಟು ಹೊತ್ತು.”

ಮರುದಿನ ಸಿಪ್ಪೆ ಕೋಣೆಯಲ್ಲಿ ಇಡೀ ತಂಡ ನೆರೆದಿತ್ತು. ಕೆಟಲಿನಲ್ಲಿ ಥರ್ಮಾಮೀಟರು. ಅಕ್ಕ ಜಾಲರಿ ಮುಳುಗಿಸಿ, ಎಂದಿನಂತೆ ನಲ್ಲಿಯ ಕಡೆ ತಿರುಗಿ ಎರಡು ಸ್ಟ್ಯಾಂಡು ಜಾಲಿಸಿದರು. ಗಡಿಯಾರಮ್ಮ ಗುಂಡಿ ಒತ್ತಿದಳು. ಎಂಬತ್ತೆಂಟು ಡಿಗ್ರಿ, ಎಪ್ಪತ್ತನಾಲ್ಕು ಸೆಕೆಂಡು. ಮತ್ತೆ ಮಾಡಿಸಿದರು. ಎಪ್ಪತ್ತಮೂರು. ಮತ್ತೊಮ್ಮೆ. ಎಪ್ಪತ್ತನಾಲ್ಕು. “ಅಕ್ಕಾ, ನಿಮ್ಮ ಹೊಟ್ಟೇಲಿ ಏನಾದ್ರೂ ಸೆಲ್ ಹಾಕಿದ್ದಾರಾ?” ಎಂದಳು ಹುಡುಗಿ. ತಿಂಗಳುಗಳಲ್ಲಿ ಮೊದಲ ಸಲ ಆಕೆ ನಗುವುದನ್ನು ನೋಡಿದೆವು ಎಂದು ತಂಡದವರು ಹೇಳುತ್ತಾರೆ.

ಸಿಪ್ಪೆಯನ್ನು ಕಪ್ಪಾಗಿಸುವ ಅಂಶವೊಂದು ಸಿಪ್ಪೆಯಲ್ಲೇ ಇರುತ್ತದಂತೆ. ಕಪ್ಪಾಗಿಸುವಾಗ ಅದು ಬೇಕಾದ ಒಗರು ಅಂಶವನ್ನೂ ತಿಂದುಹಾಕುತ್ತದೆ. ಬಿಸಿನೀರು ತಾಗಿದ ಕೂಡಲೇ ಅದರ ಆಟ ನಿಲ್ಲುತ್ತದೆ. ನೀರಲ್ಲಿ ಇನ್ನೂ ಹೆಚ್ಚು ಹೊತ್ತು ಬಿಟ್ಟರೆ ಬೇಕಾದ್ದೂ ನೀರಿಗೆ ಹೋಗುತ್ತದೆ, ಬೇಗ ತೆಗೆದರೆ ಆಟ ನಿಲ್ಲುವುದಿಲ್ಲ. ತಂಡದವರು ಮೂವತ್ತು ಸೆಕೆಂಡಿನಿಂದ ಐದು ನಿಮಿಷದವರೆಗೆ ಮಾಡಿ ನೋಡಿದರು. ಒಂದು ನಿಮಿಷಕ್ಕೂ ಒಂದೂವರೆ ನಿಮಿಷಕ್ಕೂ ನಡುವೆ ಸಿಕ್ಕಿದ್ದೇ ಅತಿ ಹೆಚ್ಚು.

“ಹದಿನೈದು ವರ್ಷ ನಾವು ಬರೆದದ್ದರಲ್ಲೆಲ್ಲ ಒಂದು ಸಾಲು ಕಡಿಮೆ ಇತ್ತು,” ಎನ್ನುತ್ತಾರೆ ಮೇಡಂ. “ಪತ್ರಿಕೆಗಳಿಗೆ ತಿದ್ದುಪಡಿ ಕಳಿಸಿದೆ. ನಾಚಿಕೆ ಆಯ್ತು. ಅಕ್ಕನ ಬಗ್ಗೆ ಅಲ್ಲ, ನನ್ನ ಬಗ್ಗೆ. ಅಷ್ಟು ವರ್ಷದಲ್ಲಿ ಒಂದು ದಿನವೂ ನಾನು ಬೆಳಿಗ್ಗೆ ಆರಕ್ಕೆ ಆ ಕೋಣೆಗೆ ಹೋಗಿರಲಿಲ್ಲ.”

ಗೋಡೆಯ ಬರಹ ಈಗ ಇಲ್ಲ. ಪದ್ಧತಿ ಪುಸ್ತಕದಲ್ಲಿ ಹೊಸ ಸಾಲು ಬಂದಿದೆ. ಪ್ರಕಟವಾದ ಲೇಖನದ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ‘ತಾಂತ್ರಿಕ ನೆರವಿಗಾಗಿ ಸಿಬ್ಬಂದಿಗೆ ಕೃತಜ್ಞತೆಗಳು’ ಎಂದಿದೆ. ಗಡಿಯಾರಮ್ಮ ಅದನ್ನು ಓದಿ ಹೇಳಿ, “ಸಿಬ್ಬಂದಿ ಅಂದ್ರೆ ನೀವೇ ಅಕ್ಕಾ. ಹೆಸರು ಹಾಕ್ಸೋಕೆ ಜಗಳ ಆಡಿದೆ, ಆಗಲಿಲ್ಲ,” ಎಂದಳಂತೆ. “ಬಿಡಮ್ಮ, ಬಿಸಿನೀರಿಗೂ ಹೆಸರು ಹಾಕಿಲ್ಲ,” ಎಂದರಂತೆ ಅಕ್ಕ.

ಇಷ್ಟಕ್ಕೇ ಮುಗಿದಿದ್ದರೆ ಕೈಚೀಲದ ಕಾಗದಕ್ಕೆ ಎಂದೋ ಸಹಿ ಬಿದ್ದಿರುತ್ತಿತ್ತು. ಕೆಲಸ ಈಗ ಪುಸ್ತಕದಲ್ಲಿದೆ, ಯಾರು ಬೇಕಾದರೂ ಮಾಡಬಹುದು. ಸೋಮವಾರದಿಂದ ಬರಲು ಹೊಸಬರೊಬ್ಬರನ್ನು ಗೊತ್ತು ಮಾಡಿಯೂ ಆಗಿದೆ. ಮೇಡಂ ಕೂಡ ತಡೆಯುವುದಿಲ್ಲ: “ಉಳೀರಿ ಅನ್ನೋ ಹಕ್ಕು ನನಗಿಲ್ಲ. ಆ ಕೈ ನೋಡಿದ್ದೀನಿ.”

ಆದರೆ ಬೀರುವಿನ ಬಾಗಿಲಲ್ಲಿ, ಕಂಬದಿಂದ ಸ್ವಲ್ಪ ದೂರ, ಬೇರೆಯಾಗಿ ಬರೆದ ಎರಡು ಅಂಕಿಗಳಿವೆ. 231. 228. ಎರಡರ ಪಕ್ಕದಲ್ಲೂ ಒಂದೊಂದು ಚುಕ್ಕೆ.

ಬುಟ್ಟಿಯಲ್ಲಿ ಬರುವ ಹಣ್ಣುಗಳಲ್ಲಿ ಕೆಲವು ಮರದಲ್ಲೇ ಬಿರಿದಿರುತ್ತವೆ. ಅವನ್ನು ಪ್ರಯೋಗಕ್ಕೆ ತೆಗೆದುಕೊಳ್ಳುವಂತಿಲ್ಲ, ನೀಲಿ ಬಕೆಟ್ಟಿಗೆ ಹಾಕಿ ಹತ್ತು ಗಂಟೆಗೆ ಗೊಬ್ಬರದ ಗುಂಡಿಗೆ ಸುರಿಯಬೇಕು. ಹಿಂದಿನ ಎರಡು ವರ್ಷ, ಹೊಸ ವಿದ್ಯಾರ್ಥಿಗಳು ಕೈ ಪಳಗಿಸಿಕೊಳ್ಳಲಿ ಎಂದು ಮೇಡಂ ಬಿರಿದ ಹಣ್ಣುಗಳನ್ನೇ ಕೊಟ್ಟಿದ್ದರು. ಸುಲಿದು ಒಣಗಿಸಿಕೊಟ್ಟವರು ಅಕ್ಕ, ಅಳೆದವರು ವಿದ್ಯಾರ್ಥಿಗಳು. ಮೊದಲ ವರ್ಷ 231, ಎರಡನೆಯ ವರ್ಷ 228. ಕಲಿಯುವ ಮಕ್ಕಳು, ಎಲ್ಲೋ ತಪ್ಪು ಅಳೆದಿದ್ದಾರೆ ಎಂದು ಎಲ್ಲರೂ ಮರೆತರು. ಅಕ್ಕ ಚುಕ್ಕೆ ಇಟ್ಟುಕೊಂಡರು.

“ಎರಡು ವರ್ಷ, ಬೇರೆ ಬೇರೆ ಮಕ್ಕಳು. ಇಬ್ಬರೂ ಒಂದೇ ಕಡೆಗೆ ಹೇಗೆ ತಪ್ಪು ಮಾಡ್ತಾರೆ?” ಎಂದು ಕೇಳುತ್ತಾರೆ. ಈ ಪ್ರಶ್ನೆ ಕೇಳುವಾಗ ಅವರ ಚಾಕು ನಿಲ್ಲುತ್ತದೆ. ಬೇರೆ ಯಾವ ಮಾತಿಗೂ ಅದು ನಿಂತಿರಲಿಲ್ಲ. “ನನ್ನ ಬೆರಳೇ ನೋಡಿ, ಬಿರಿದ ಕಡೆ ಚರ್ಮ ಗಟ್ಟಿಯಾಗುತ್ತೆ. ಹಣ್ಣೂ ಬಿರಿದಾಗ ಸಿಪ್ಪೇಲಿ ಏನೋ ಕೂಡಿಟ್ಕೊಳ್ಳುತ್ತೇನೋ. ಗೊತ್ತಿಲ್ಲ. ನಂಗೆ ಗೊತ್ತಾಗೋದಾದ್ರೂ ಹೇಗೆ?”

ಗಡಿಯಾರಮ್ಮನಿಗೆ ಹೇಳಿದ್ದಾರೆ. “ಅಕ್ಕಾ, ಎರಡು ಸಲ ಬಂದದ್ದು ಲೆಕ್ಕಕ್ಕಿಲ್ಲ. ಕನಿಷ್ಠ ಮೂರು ಸಲ ಬರಬೇಕು. ಮೊದಲು ನನ್ನ ಥೀಸಿಸ್ ಮುಗೀಲಿ,” ಎಂದಳು ಆಕೆ. ಮೇಡಂ “ನೋಡೋಣ” ಎಂದರು. ಈ ವರ್ಷದಿಂದ ಹೊಸ ವಿದ್ಯಾರ್ಥಿಗಳಿಗೆ ದಾಳಿಂಬೆಯ ಪಾಠವಿಲ್ಲ, ಈರುಳ್ಳಿ ಸಿಪ್ಪೆ ಬಂದಿದೆ. ಅಂದರೆ ಮೂರನೆಯ ಸಲ ಎನ್ನುವುದು ತಾನಾಗಿ ಬರುವುದಿಲ್ಲ.

ಪುಡಿ ಮಾಡಿಟ್ಟರೂ ಅಳೆಯುವವರು ಯಾರು ಎಂದರೆ ಅಕ್ಕ ಕಣ್ಣು ಮಿಟುಕಿಸುತ್ತಾರೆ. “ಆ ಹುಡುಗಿ ಟೇಬಲ್ ಮೇಲೆ ಒಂದು ಡಬ್ಬಿ ಪುಡಿ ಇಟ್ಟು ಸುಮ್ಮನೆ ಬಂದ್ಬಿಟ್ರೆ ಸಾಕು. ಅಳೆಯದೇ ಇರೋಕೆ ಅವಳ ಕೈಲಿ ಆಗಲ್ಲ. ಅದೊಂದು ಚಟ ಅವಳಿಗೆ.”

ಗ್ರಂಥಾಲಯಕ್ಕೆ ಹೋದರೂ ಯಾರನ್ನಾದರೂ ಕೇಳಿ ಮಾಡಿಸಬಹುದಲ್ಲ? ಅಕ್ಕ ತಲೆಯಾಡಿಸುತ್ತಾರೆ. ಇಲ್ಲಿ ಒಂದು ನಿಯಮವಿದೆ. ಸ್ಟ್ಯಾಂಡಿನಲ್ಲಿರುವ ಪ್ರತಿ ಟ್ರೇಗೂ ಲೇಬಲ್ ಬೇಕು: ಮೇಲೆ ಪ್ರಯೋಗದ ಸಂಖ್ಯೆ, ಕೆಳಗೆ ತೂಕ, ಹಾಕಿದ ದಿನ, ತೆಗೆಯುವ ದಿನ. ಸಂಖ್ಯೆಯಿಲ್ಲದ ಟ್ರೇ ಕಂಡರೆ ಸೋಮವಾರ ಬೆಳಿಗ್ಗೆ ಅದನ್ನು ಖಾಲಿ ಮಾಡಬೇಕು. ಖಾಲಿ ಮಾಡುವುದು ಸಿಪ್ಪೆ ಕೋಣೆಯವರ ಕೆಲಸ. ಹೊಸಬರು ಬಂದರೆ ಮೊದಲ ದಿನವೇ ನಿಯಮ ಓದಿಕೊಂಡು ಬಂದಿರುತ್ತಾರೆ. “ಅವರದ್ದೇನು ತಪ್ಪು? ನಾನೂ ಸುರೀತಿದ್ದೆ,” ಎನ್ನುತ್ತಾರೆ ಅಕ್ಕ. ಆ ಮಾತು ಅಲ್ಲಿಗೇ ಬಿಟ್ಟು ಹಣ್ಣಿಗೆ ಕೈಹಾಕುತ್ತಾರೆ. ಎಪ್ಪತ್ತೆಂಟು.

ಏಳೂಮುಕ್ಕಾಲಿಗೆ ಎಂಬತ್ತೂ ಮುಗಿಯುತ್ತವೆ. ಒಂದೊಂದೇ ಜಾಲರಿ ಬಿಸಿನೀರಿಗೆ ಇಳಿದು ಏಳುತ್ತದೆ. ಮೇಜಿನ ಮೇಲೆ ತಂಡದವರು ತಂದಿಟ್ಟ ಹೊಸ ಗಡಿಯಾರವಿದೆ. ಅಕ್ಕ ಅದರ ಗುಂಡಿ ಒತ್ತುತ್ತಾರೆ, ಆದರೆ ಅದು ಕೂಗುವ ಒಂದು ಗಳಿಗೆ ಮುಂಚೆಯೇ ಟ್ಯೂಬು ಕೆಳಗಿಟ್ಟು ತಿರುಗಿರುತ್ತಾರೆ. ಎಂಟು ಟ್ರೇ ತುಂಬಿ, ಎಂಟು ಲೇಬಲ್ ಅಂಟುತ್ತವೆ. ಕಿಟಕಿಯಾಚೆ ಮೊದಲ ಬಸ್ಸಿನ ವಿದ್ಯಾರ್ಥಿಗಳು ಇಳಿಯುವ ಸದ್ದು.

ಇನ್ನು ಉಳಿದದ್ದು ನೀಲಿ ಬಕೆಟ್ಟು. ಅದರಲ್ಲಿ ಹನ್ನೊಂದು ಬಿರಿದ ಹಣ್ಣುಗಳಿವೆ. ಅಕ್ಕ ಅದರ ಹಿಡಿ ಹಿಡಿದು ಎತ್ತುತ್ತಾರೆ, ಬಾಗಿಲವರೆಗೆ ಹೋಗುತ್ತಾರೆ. ಅಲ್ಲಿ ನಿಲ್ಲುತ್ತಾರೆ. ಬಾಗಿಲ ಹಿಂದಿನ ಮೊಳೆಗೆ ಅವರ ಕೈಚೀಲ ತೂಗುತ್ತಿದೆ, ಊಟದ ಡಬ್ಬಿಯ ಅಂಚಿನಿಂದ ಆ ಕಾಗದದ ಮೂಲೆ ಇಣುಕುತ್ತಿದೆ. ಅಂಗೈ ಅಗಲಿಸಿ ನೋಡಿಕೊಳ್ಳುತ್ತಾರೆ. ಹೆಬ್ಬೆರಳ ಸಂದಿನಲ್ಲಿ ಇವತ್ತೂ ಸಣ್ಣಗೆ ಬಿರಿದಿದೆ. ಅದಕ್ಕೆ ಮುಲಾಮು ಒತ್ತಿ, ಪಟ್ಟಿ ಸುತ್ತುತ್ತಾರೆ. ಬಕೆಟ್ಟನ್ನು ತಂದು ಸ್ಟೂಲಿನ ಪಕ್ಕ ಇಟ್ಟು, ಮತ್ತೆ ಕೂರುತ್ತಾರೆ.

ತೊಟ್ಟಿನ ಬಿಲ್ಲೆ. ಆರು ಗೆರೆ. ಒತ್ತು. ಬಿರಿದ ಹಣ್ಣಿಗೆ ಗೆರೆ ಎಳೆಯುವುದು ಕಷ್ಟ, ಅದು ತನಗೆ ಬೇಕಾದ ಕಡೆ ಒಡೆಯುತ್ತದೆ. ಅಕ್ಕ ಅವಸರಪಡುವುದಿಲ್ಲ. ಹನ್ನೊಂದೂ ಆದ ಮೇಲೆ ಕೆಟಲಿನ ಗುಂಡಿ ಒತ್ತುತ್ತಾರೆ. ಬೀರುವಿನ ತಳದಿಂದ ಮೂಲೆ ಬಾಗಿದ ಒಂದು ಹಳೆಯ ಟ್ರೇ ಹೊರಬರುತ್ತದೆ. ಸಿಪ್ಪೆ ನೀರಿಗೆ ಇಳಿಯುತ್ತದೆ, ಎರಡು ಸ್ಟ್ಯಾಂಡು ಟ್ಯೂಬು ಜಾಲಿಸುವಷ್ಟು ಹೊತ್ತು. ಈ ಸಲ ಗಡಿಯಾರದ ಗುಂಡಿ ಒತ್ತುವುದಿಲ್ಲ.

ಟ್ರೇ ಸ್ಟ್ಯಾಂಡಿನ ಎಲ್ಲಕ್ಕಿಂತ ಕೆಳಗಿನ ಹಂತಕ್ಕೆ ಹೋಗುತ್ತದೆ. ಅಕ್ಕ ಒಂದು ಲೇಬಲ್ ಕೀಳುತ್ತಾರೆ. ಸಂಖ್ಯೆಯ ಜಾಗ ಖಾಲಿ. ತೂಕ: ಒಂದು ಕಿಲೋ ಇನ್ನೂರು. ಹಾಕಿದ ದಿನ: 14. ಪೆನ್ಸಿಲು ಮುಂದಿನ ಸಾಲಿನ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆಮೇಲೆ ದುಂಡಗಿನ ಅಕ್ಷರದಲ್ಲಿ ಬರೆಯುತ್ತಾರೆ. ತೆಗೆಯುವ ದಿನ: 23.

ನೀವು ಇದನ್ನು ಪುರವಣಿಯಲ್ಲಿ ಓದುವ ಭಾನುವಾರಕ್ಕೆ ಶನಿವಾರ ಕಳೆದಿರುತ್ತದೆ. ಅವರೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಾರಿಡಾರಿನಲ್ಲಿ ಚಪ್ಪಲಿಯ ಸದ್ದು. ಗಡಿಯಾರಮ್ಮ ಬಾಗಿಲಲ್ಲಿ ತಲೆ ತೂರಿಸುತ್ತಾಳೆ. “ಅಕ್ಕಾ, ಎಂಟೂವರೆ ಆಗ್ತಾ ಬಂತು. ಇವತ್ತು ಯಾಕೆ ಇಷ್ಟು ಹೊತ್ತು?”

“ಏನಿಲ್ಲಮ್ಮ, ಹಣ್ಣು ಸ್ವಲ್ಪ ಜಾಸ್ತಿ ಇತ್ತು,” ಎನ್ನುತ್ತಾರೆ ಅಕ್ಕ. ಬಿಸಿಲು ಸ್ಟ್ಯಾಂಡಿಗೆ ತಾಗುವ ಮುಂಚೆ ಹೋಗಿ ಪರದೆ ಎಳೆಯುತ್ತಾರೆ.